ಸೈಟಿನ ಬಂಡೆ ಒಡೆಸುವ ಮುಂಚೆ ಒಂದು ಮಾತು

ಚಿತ್ರದುರ್ಗದಲ್ಲಿ ಸೈಟ್ ತಗೊಂಡವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಹಿಟಾಚಿಗೆ ಬ್ರೇಕರ್ ಹಾಕಿಸಿ ಬಂಡೆ ಒಡೆಸುವುದು. ನೆಲ ಸಮ ಮಾಡಿಸುವುದು. ಇದ್ದ ಒಂದೆರಡು ಬೇವಿನ ಗಿಡ ಕೀಳಿಸುವುದು. ಆಮೇಲೆ ನಮ್ಮಂಥವರ ಹತ್ತಿರ ಪ್ಲ್ಯಾನ್ ಹಾಕಿಸಲು ಬರುತ್ತಾರೆ. ನಾನು ಇಲ್ಲಿ ಮನೆಗಳ ಪ್ಲ್ಯಾನ್ ಹಾಕುವ ಕೆಲಸ ಮಾಡುವವಳು. ಈ ಕ್ರಮ ಪೂರ್ತಿ ತಲೆಕೆಳಗು ಅಂತ ಬಂದವರಿಗೆಲ್ಲ ಹೇಳುತ್ತಲೇ ಇದ್ದೇನೆ. ಅವರು ಬರುವ ಹೊತ್ತಿಗೆ ಬಂಡೆ ಜಲ್ಲಿಯಾಗಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ಒಡೆಸದವರು ಓದಲಿ.

ಜೊತೆಗೆ ಮೊಬೈಲಿನಲ್ಲಿ ಯಾವುದೋ ಮನೆಯ ಹೊರನೋಟದ ಫೋಟೋ ತರುತ್ತಾರೆ. "ಮೇಡಂ, ಎಲಿವೇಶನ್ ಹೀಗೇ ಬರಬೇಕು." ಉದ್ದುದ್ದ ಗಾಜು, ಬೂದು ಬಣ್ಣ, ಕಿಟಕಿ ಮೇಲೆ ನೆರಳಿಗೆ ಚಾಚುವ ಚಜ್ಜವೇ ಇಲ್ಲದ ಚೌಕ ಡಬ್ಬಿ. ಆ ಮನೆ ಎಲ್ಲಿಯದು, ಅಲ್ಲಿ ಬಿಸಿಲು ಹೇಗಿದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಚಳಿ ದೇಶದಲ್ಲಿ ಬಿಸಿಲನ್ನು ಒಳಗೆ ಕರೆಯಲು ಇಟ್ಟ ಗಾಜನ್ನು ನಾವು ಇಲ್ಲಿ ಪಶ್ಚಿಮಕ್ಕೆ ಇಟ್ಟು, ಅದಕ್ಕೆ ದಪ್ಪ ಪರದೆ ಹಾಕಿ, ಹಗಲಿಡೀ ಟ್ಯೂಬ್‌ಲೈಟ್ ಹಚ್ಚಿಕೊಂಡು, ಆಮೇಲೆ ಎಸಿ ಹಾಕಿಸುತ್ತೇವೆ. ಈ ಥರದ ಮನೆ ಎಷ್ಟು ಚೆಂದ ಕಂಡರೂ ನಾನು ಅದನ್ನು ಒಳ್ಳೆಯ ಮನೆ ಅನ್ನುವುದಿಲ್ಲ.

ನಮ್ಮ ಬಿಸಿಲಿನ ಲೆಕ್ಕ ಕಷ್ಟವೇನಲ್ಲ. ದುರ್ಗ, ದಾವಣಗೆರೆ ಎರಡೂ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಇಳಿದು, ಮಧ್ಯಾಹ್ನಕ್ಕೂ 52 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಇದರಿಂದ ಏನಾಗುತ್ತದೆ ಅಂದರೆ, ದಕ್ಷಿಣದ ಕಿಟಕಿಗೆ 2 ಅಡಿ ಚಜ್ಜ ಕೊಟ್ಟರೆ ಮಾರ್ಚ್‌ನ ಮಧ್ಯಾಹ್ನ ಇಡೀ ಕಿಟಕಿ ನೆರಳಲ್ಲಿರುತ್ತದೆ, ಡಿಸೆಂಬರ್‌ನಲ್ಲಿ 4 ಅಡಿ ಕಿಟಕಿಯ ಕೆಳಗಿನ ಒಂದೂವರೆ ಅಡಿಯಲ್ಲಿ ಎಳೆಬಿಸಿಲು ಒಳಗೆ ಬರುತ್ತದೆ. ಎರಡೂ ನಮಗೆ ಬೇಕಾದದ್ದೇ. ಅದೇ 2 ಅಡಿ ಚಜ್ಜವನ್ನು ಪಶ್ಚಿಮಕ್ಕೆ ಕೊಡಿ. ಏಪ್ರಿಲ್ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ, ಚಜ್ಜದ ನೆರಳು ಒಂದೂಕಾಲು ಅಡಿ ಕೆಳಗೆ ಬಂದರೆ ಹೆಚ್ಚು. ಉಳಿದ ಬಿಸಿಲೆಲ್ಲ ಹಾಸಿಗೆ ಮೇಲೆ. ಹಾಸಿಗೆ ಅಂತ ಯಾಕೆ ಹೇಳಿದೆ ಅಂದರೆ, ವಾಸ್ತು ನೋಡಿ ಮಾಸ್ಟರ್ ಬೆಡ್‌ರೂಮನ್ನು ನೈಋತ್ಯಕ್ಕೇ ಇಡುತ್ತೇವಲ್ಲ, ಆ ಮೂಲೆಯ ಗೋಡೆಯೇ ಸಂಜೆ ಜಾಸ್ತಿ ಕಾಯುವುದು. ಕಾದ ಗೋಡೆ ರಾತ್ರಿ ಹತ್ತು ಗಂಟೆಗೂ ಶಾಖ ಬಿಡುತ್ತಿರುತ್ತದೆ.

ವಾಸ್ತು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆ ಅವರದು, ನಂಬಿಕೆ ಅವರದು. ರೂಮು ಅಲ್ಲೇ ಇರಲಿ. ಆದರೆ ಪಶ್ಚಿಮದ ಗೋಡೆಗೆ ವಾರ್ಡ್‌ರೋಬ್ ಬರಲಿ, ಕಿಟಕಿ ದಕ್ಷಿಣಕ್ಕೆ ಹೋಗಲಿ, ಗೋಡೆಯ ಹೊರಗೆ ಒಂದು ಹೊಂಗೆ ಗಿಡ ಹಾಕಿ. ಹೊಂಗೆ ಎಲೆ ಉದುರಿಸಿ ಏಪ್ರಿಲ್ ಹೊತ್ತಿಗೆ ಮತ್ತೆ ಒತ್ತಾಗಿ ಚಿಗುರಿರುತ್ತದೆ, ನಮಗೆ ನೆರಳು ಬೇಕಾದ ಹೊತ್ತಿಗೇ. ಪಶ್ಚಿಮವನ್ನು ಪೂರ್ತಿ ಮುಚ್ಚಲೂ ಆಗುವುದಿಲ್ಲ, ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದಲೇ. ದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿ ನಿಂತವರಿಗೆ ಆ ಗಾಳಿ ಎಂಥದ್ದು ಅಂತ ಹೇಳಬೇಕಾಗಿಲ್ಲ. ಅಲ್ಲಿಗೆ ಜಾಲಿ ಗೋಡೆ, ಅಂದರೆ ತೂತು ತೂತಿನ ಗೋಡೆ, ಕೊಡಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬರೀ ಇಟ್ಟಿಗೆಯಲ್ಲೇ ಸಂದು ಬಿಟ್ಟು ಕಟ್ಟಿ ತೋರಿಸಿದ್ದಾರೆ: ಬಿಸಿಲು ತುಂಡಾಗಿ ಒಳಗೆ ಬರುತ್ತದೆ, ಗಾಳಿ ಇಡಿಯಾಗಿ ಬರುತ್ತದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಕಡಿಮೆ ಸಾಕು, ಆ ಟೊಳ್ಳೇ ಶಾಖವನ್ನೂ ತಡೆಯುತ್ತದೆ. ನಮ್ಮ ಮೇಸ್ತ್ರಿಗಳು ಮೊದಲು ಗೊಣಗುತ್ತಾರೆ, ಎರಡು ವರಸೆ ಆದಮೇಲೆ ಅವರೇ ಚೆಂದ ಮಾಡುತ್ತಾರೆ.

ಈಗ ಬಂಡೆಗೆ ಬರುತ್ತೇನೆ. ಕೋಟೆಯನ್ನು ಸುಮ್ನೆ ಒಮ್ಮೆ ಬೇರೆ ಕಣ್ಣಿಂದ ನೋಡಿ. ಓಬವ್ವನ ಕಿಂಡಿ ನೋಡಿ ಫೋಟೋ ತೆಗೆಸಿಕೊಂಡು ಬರುತ್ತೇವೆ, ಗೋಡೆ ಹೇಗೆ ಓಡಿದೆ ಅಂತ ನೋಡುವುದಿಲ್ಲ. ಅದು ನೇರ ಗೆರೆಯಲ್ಲಿ ಎಲ್ಲೂ ಓಡಿಲ್ಲ. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಹೋಗಿ ಸೇರಿದೆ. ಎಲ್ಲಿ ಬಂಡೆ ಇದೆಯೋ ಅಲ್ಲಿ ಗೋಡೆಯ ಕೆಲಸ ಬಂಡೆಯೇ ಮಾಡಿದೆ. ಮಳೆ ನೀರು ಇಳಿಯುವ ದಾರಿಯಲ್ಲೇ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಇವೆ, ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಹೋಗುತ್ತದೆ. ಗುಡ್ಡವನ್ನು ಓದಿ ಕಟ್ಟಿದ್ದು ಅದು. ಅದೇ ಗುಡ್ಡದ ಬುಡದಲ್ಲಿ ಕೂತು ನಾವು 30×40 ಚಪ್ಪಟೆ ಹಾಳೆ ಮಾಡಿಕೊಳ್ಳುತ್ತಿದ್ದೇವೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಒಡೆದ ಬಂಡೆ ಮತ್ತೆ ಬರುವುದಿಲ್ಲ.

ಬಂಡೆ ಇಟ್ಟುಕೊಂಡು ಮನೆ ಕಟ್ಟುವುದು ಹೊಸ ಹುಚ್ಚೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಫಾಲಿಂಗ್‌ವಾಟರ್ ಮನೆಯ ನಕ್ಷೆ ಹಾಕಿದಾಗ, ಆ ಮನೆಯವರು ಕೂತು ಕಾಲ ಕಳೆಯುತ್ತಿದ್ದ ಬಂಡೆಯನ್ನೇ ಹಜಾರದೊಳಗೆ ಉಳಿಸಿ ಅದನ್ನೇ ಬೆಂಕಿಗೂಡಿನ ನೆಲ ಮಾಡಿದ. ಮನೆಯ ಕಾಂಕ್ರೀಟ್ ಚಾಚುಗಳು ಕಾಲಾಂತರದಲ್ಲಿ ಬಾಗಿ 2002ರಲ್ಲಿ ದೊಡ್ಡ ರಿಪೇರಿ ಮಾಡಬೇಕಾಯಿತು. ಬಂಡೆಗೇನೂ ಆಗಲಿಲ್ಲ ಬಿಡಿ.

ನನಗೆ ಅದಕ್ಕಿಂತ ಹತ್ತಿರ ಅನ್ನಿಸುವುದು ಮೆಕ್ಸಿಕೋ ಸಿಟಿಯ ಪೆದ್ರೆಗಾಲ್. ಜ್ವಾಲಾಮುಖಿಯ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲಿನ ಬಯಲು ಅದು. ಯಾರಿಗೂ ಬೇಡದ ಜಾಗ. ಲೂಯಿಸ್ ಬರಗಾನ್ ಅನ್ನುವ ವಾಸ್ತುಶಿಲ್ಪಿ 1945ರ ಹೊತ್ತಿಗೆ ಅಲ್ಲಿ ಬಡಾವಣೆ ಮಾಡಲು ಹೊರಟ. ಕಲ್ಲು ಒಡೆದಲ್ಲ, ಕಲ್ಲನ್ನೇ ತೋಟ ಮಾಡಿ. ಲಾವಾ ಸಂದಿನಲ್ಲಿ ಬೆಳೆದ ಗಿಡ ಹಾಗೇ, ಕಲ್ಲಲ್ಲೇ ಮೆಟ್ಟಿಲು, ಕಲ್ಲಿನ ಪಕ್ಕ ನೀರು, ಅದರ ನಡುವೆ ಸರಳ ಗೋಡೆಯ ಹೊಸ ಕಾಲದ ಮನೆಗಳು. ಆಮೇಲೆ ಏನಾಯಿತು ಅನ್ನುವುದೂ ನಮಗೆ ಗೊತ್ತಿರಬೇಕು. ಜಾಗಕ್ಕೆ ಬೆಲೆ ಬಂತು, ದೊಡ್ಡ ಸೈಟುಗಳು ತುಂಡಾದವು, ಮೊದಲಿನ ಎಷ್ಟೋ ಮನೆಗಳು ಹೋದವು, ಲಾವಾ ಕೂಡ ಹೋಯಿತು. ಒಬ್ಬೊಬ್ಬರೇ ತಮ್ಮ ಸೈಟಿನಲ್ಲಿ ಉಳಿಸಿದರೆ ಸಾಲದು, ಲೇಔಟ್ ಮಾಡುವಾಗಲೇ ಬಂಡೆ ಇರುವ ಜಾಗವನ್ನು ಪಾರ್ಕಿಗೆ ಬಿಡಬೇಕು ಅಂತ ನಾನು ಹೇಳುವುದು ಇದಕ್ಕೇ. ಈಗ ಪಾರ್ಕಿಗೆ ಬಿಡುವುದು ಸೈಟಿಗೆ ಸರಿಹೋಗದ ಮೂಲೆ ತುಂಡುಗಳನ್ನು.

ಬಂಡೆ ಉಳಿಸುತ್ತೇನೆ ಅನ್ನುವವರಿಗೆ ಇದನ್ನೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಅದು ನೆಲದಡಿಯ ಹಾಸುಬಂಡೆಗೆ ಸೇರಿದ್ದೋ, ಮಣ್ಣಿನ ಮೇಲೆ ಕೂತ ಗುಂಡೋ ಅಂತ ಮೊದಲು ಇಂಜಿನಿಯರ್ ಹತ್ತಿರ ನೋಡಿಸಿ. ಇಳಿಜಾರಿನಲ್ಲಿ ಕೂತ ಗುಂಡಿನ ಬುಡದ ಮಣ್ಣು ಯಾವ ಕಾರಣಕ್ಕೂ ತೆಗೆಯಬಾರದು. ಪಾಯ ಅರ್ಧ ಬಂಡೆ ಮೇಲೆ ಅರ್ಧ ಮಣ್ಣಿನ ಮೇಲೆ ಬಂದರೆ ಮಣ್ಣಿನ ಕಡೆ ಕುಸಿದು ಗೋಡೆ ಸೀಳುತ್ತದೆ. ಹಾಗಾಗಿ ಪೂರ್ತಿ ಬಂಡೆ ಮೇಲೆ ಇರಲಿ, ಇಲ್ಲ ಪೂರ್ತಿ ದೂರ ಇರಲಿ. ಗೋಡೆಯನ್ನು ಬಂಡೆಗೆ ಅಂಟಿಸಿದರೆ ಮಳೆಗಾಲದಲ್ಲಿ ಆ ಸಂದಿನಲ್ಲಿ ನೀರು ಇಳಿಯುವುದು ಖಂಡಿತ, ನಡುವೆ ಜಾಗ ಬಿಟ್ಟು ಒಂದು ಸಣ್ಣ ಚರಂಡಿ ಮಾಡಿಸಿ. ಇನ್ನು ಶಾಖ. ಬಂಡೆ ಹಗಲೆಲ್ಲ ಕಾದು ಮಧ್ಯರಾತ್ರಿವರೆಗೂ ಬಿಸಿ ಉಗುಳುತ್ತದೆ. ಮಲಗುವ ಕೋಣೆ ಕಿಟಕಿ ಎದುರು, ಅದರಲ್ಲೂ ಪಶ್ಚಿಮಕ್ಕೆ, ಬಿಸಿಲಿಗೆ ಒಡ್ಡಿದ ಬಂಡೆ ಬೇಡವೇ ಬೇಡ. ಅದೇ ಬಂಡೆ ಮರದ ನೆರಳಿಗೋ ಒಳಂಗಳದ ನೆರಳಿಗೋ ಸಿಕ್ಕರೆ ಹಗಲಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ. ಅದರ ಮೇಲೆ ಬೆಳಗಿನ ಬೆಳಕು ಜಾರುವುದನ್ನು ಅಡುಗೆಮನೆ ಕಿಟಕಿಯಿಂದ ನೋಡುವ ಹಾಗಿದ್ದರೆ, ಆ ಕಿಟಕಿಗೆ ಬೇರೆ ಅಲಂಕಾರ ಬೇಕಿಲ್ಲ.

ದಾವಣಗೆರೆಯ ಗೆಳೆಯರು ನಮಗೆ ಬಂಡೆ ಎಲ್ಲಿದೆ ಅಂತ ಕೇಳುತ್ತೀರಿ. ನಿಮಗೆ ಎಷ್ಟೋ ಕಡೆ ಎರೆ ಮಣ್ಣಿದೆ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಅದೂ ಸೈಟಿನ ಗುಣವೇ. ದುರ್ಗದಲ್ಲಿ ನಡೆದ ಪಾಯ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ದೊಡ್ಡ ತೊಂದರೆ ಬೆಳಕು: ಎರಡೂ ಪಕ್ಕದವರು ಗೋಡೆಗೆ ಗೋಡೆ ತಾಗಿಸಿ ಕಟ್ಟಿರುತ್ತಾರೆ, ನಡುಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಪಕ್ಕದಿಂದ ಬೆಳಕು ಬರದಿದ್ದರೆ ಮೇಲಿಂದ ತರಬೇಕು. ನಮ್ಮ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತಲ್ವಾ, ಜಂತೆಗಳ ನಡುವೆ, ಕರಲು ಮಣ್ಣಿನ ಮಾಳಿಗೆಗೆ ಒಂದು ತೂತು. ಹೊಗೆಯೂ ಅದರಲ್ಲೇ ಹೋಗುತ್ತಿತ್ತು, ಬೆಳಕೂ ಅದರಲ್ಲೇ ಬರುತ್ತಿತ್ತು. ಅದನ್ನೇ ಈಗಿನ ಮನೆಗೆ ಹೊಂದಿಸಬೇಕು. ಮೆಟ್ಟಿಲ ಮೇಲೆ ಉತ್ತರಕ್ಕೆ ಮುಖ ಮಾಡಿದ ಎತ್ತರದ ಕಿಟಕಿ ಇಟ್ಟು ತೆರೆಯುವ ಹಾಗೆ ಮಾಡಿದರೆ ಬೆಳಕು ಕೆಳಗಿಳಿಯುತ್ತದೆ, ಕಾದ ಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಟ್ಯೂಬ್ ಹೌಸ್ ಬರೀ 12 ಅಡಿ ಆಸುಪಾಸು ಅಗಲ. ಇಳಿಜಾರು ಸೂರಿನ ನೆತ್ತಿಯಲ್ಲಿ ಬಿಸಿಗಾಳಿಗೆ ದಾರಿ ಬಿಟ್ಟು, ಫ್ಯಾನಿನ ಹಂಗಿಲ್ಲದೆ ಗಾಳಿ ಓಡಾಡುವಂತೆ ಮಾಡಿದ್ದರು. ನಿಮ್ಮದು 30 ಅಡಿ ಇದೆ.

ಮೇಲೆ ಫೈಬರ್ ಶೀಟಿನಲ್ಲಿ ಪೂರ್ತಿ ಮುಚ್ಚಿದ ಸ್ಕೈಲೈಟ್ ಮಾತ್ರ ಬೇಡ. ಏಪ್ರಿಲ್‌ನಲ್ಲಿ ನೆತ್ತಿ ಬಿಸಿಲು ನೇರ ಅದರೊಳಗೇ ಇಳಿಯುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಬ್ರೇಕರ್ ಬಾಡಿಗೆ, ಒಡೆದ ಕಲ್ಲು ಸಾಗಿಸುವ ಟ್ರ್ಯಾಕ್ಟರ್, ಗುಂಡಿ ತುಂಬಲು ಗ್ರಾವೆಲ್, ಇದನ್ನೆಲ್ಲ ಯಾರೂ ಮನೆ ಖರ್ಚಿಗೆ ಸೇರಿಸುವುದಿಲ್ಲ. ಸೇರಿಸಿ ನೋಡಿ. ಆಮೇಲೆ ಬಂಡೆ ಉಳಿದಾಗ ಮನೆ ಎರಡು ಚದರ (200 ಚದರ ಅಡಿ) ಕಡಿಮೆ ಆಗುತ್ತದಲ್ಲ, ಆ ಉಳಿತಾಯವನ್ನೂ ಸೇರಿಸಿ. ಮಕ್ಕಳು ಓದುವ ಕೋಣೆ, ಗೆಸ್ಟ್ ರೂಮು, ಪೂಜಾ ರೂಮು, ಹೋಮ್ ಥಿಯೇಟರು ಅಂತ ಹೋಗುತ್ತಾ ಮನೆ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕನ್ನೂ ನುಂಗುವವರು ಕಿಟಕಿಗೆ ಜಾಗ ಇಲ್ಲ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು, ಮಳೆ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುತ್ತದೆ. 10 ಚದರದ ಮಾಳಿಗೆ ಮೇಲೆ ಅದು ಸುಮಾರು 55 ಸಾವಿರ ಲೀಟರ್. ಸೈಟಿನ ಇಳಿಜಾರು ಉಳಿಸಿಕೊಂಡಿದ್ದರೆ ಸಂಪನ್ನು ತಗ್ಗಿನಲ್ಲಿ ಇಟ್ಟರಾಯಿತು, ನೀರು ತಾನೇ ಬಂದು ಸೇರುತ್ತದೆ.

ಸೈಟ್ ತಗೊಂಡು ಇನ್ನೂ ಏನೂ ಮಾಡಿಸದವರು ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಬಂಡೆ ಎಲ್ಲಿದೆ, ಮರ ಎಲ್ಲಿದೆ, ನೀರು ಯಾವ ಕಡೆ ಹರಿಯುತ್ತದೆ ಅಂತ ಗೆರೆ ಹಾಕಿ, ಬೆಳಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕೂವರೆಗೆ ನೆರಳು ಎಲ್ಲಿ ಬೀಳುತ್ತದೆ ಅಂತ ಗುರುತು ಮಾಡಿ, ಆ ಹಾಳೆ ತಗೊಂಡು ನಿಮ್ಮ ಇಂಜಿನಿಯರ್ ಹತ್ತಿರ ಹೋಗಿ. ಎಲಿವೇಶನ್ ಫೋಟೋ ಆಮೇಲೆ ತೋರಿಸಿ. ನಮ್ಮ ಜಿಲ್ಲೆಗಳಲ್ಲಿ ಬಂಡೆ ಉಳಿಸಿಕೊಂಡು ಮನೆ ಕಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ, ಸೋರಿಕೆ ಆಗಿದ್ದರೆ ಅದನ್ನೂ ಬರೆಯಿರಿ. ಕಟ್ಟುವವರಿಗೆ ಅದರಿಂದಲೇ ಜಾಸ್ತಿ ಉಪಯೋಗ.