ಟೆನ್ಷನ್ ಯಾರೂ ಮಾಡಿಕೊಳ್ಳುವುದಿಲ್ಲ

ಹೋದ ತಿಂಗಳು ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಅಣ್ಣನ ಪಕ್ಕ ಕುಳಿತಿದ್ದೆ. ಹರಾಜು ಮುಗಿದಿತ್ತು. ಟೊಮೆಟೊಗೆ ಬಂದ ದರ ಕಾಯಿ ಬಿಡಿಸಿದ ಕೂಲಿಗೂ ಗಾಡಿ ಬಾಡಿಗೆಗೂ ಸಾಲುವಂತಿರಲಿಲ್ಲ. 2023ರ ಜುಲೈಯಲ್ಲಿ ಇದೇ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಆ ವರ್ಷ ಅಣ್ಣ ಟೊಮೆಟೊ ಹಾಕಿರಲಿಲ್ಲ. ಮಂಡಿಯವರು ಕೊಟ್ಟ ಚೀಟಿಯನ್ನು ಅವನು ನಾಲ್ಕಾಗಿ ಮಡಿಸುತ್ತಿದ್ದ, ಬಿಡಿಸುತ್ತಿದ್ದ, ಮತ್ತೆ ಮಡಿಸುತ್ತಿದ್ದ. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯತೊಡಗಿತ್ತು. ನನಗೆ ಬೇರೇನೂ ತೋಚದೆ, "ಟೆನ್ಷನ್ ಮಾಡಿಕೊಳ್ಳಬೇಡ ಅಣ್ಣ" ಎಂದೆ.

"ನಾನು ಮಾಡಿಕೊಂಡದ್ದಲ್ಲಮ್ಮ, ಮೇಲೆ ಬಿದ್ದದ್ದು" ಎಂದ.

ಹದಿನೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಅಣ್ಣನ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕಷ್ಟ ಮಿತಿ ಮೀರಿದಾಗ ನಮ್ಮ ಕಡೆ ಏನೆನ್ನುತ್ತಾರೆ? ದಿಕ್ಕು ತೋಚುತ್ತಿಲ್ಲ. ಕೈಕಾಲು ಆಡುತ್ತಿಲ್ಲ. ಸಾಕಾಗಿಹೋಗಿದೆ. ತಲೆಯ ಮೇಲೆ ಬೆಟ್ಟ ಬಿದ್ದಂತಾಗಿದೆ. ಈ ಯಾವ ಮಾತಿನಲ್ಲೂ ನೋಯುವವನು ತಾನಾಗಿ ಏನನ್ನೂ ಮಾಡುವುದಿಲ್ಲ. ಆಗುವುದು, ಬೀಳುವುದು, ತೋಚದಿರುವುದು, ಅಷ್ಟೇ. ಟೆನ್ಷನ್ ಪದವನ್ನೂ ಅನುಭವಿಸುವವರು ಹಾಗೆಯೇ ಬಳಸುತ್ತಾರೆ: "ಟೆನ್ಷನ್ ಆಗುತ್ತಿದೆ." ಅದನ್ನು 'ಮಾಡಿಕೊಳ್ಳಬೇಡ', 'ತೆಗೆದುಕೊಳ್ಳಬೇಡ' ಎಂದು ತಿರುಗಿಸುವವರು ಕೇಳಿಸಿಕೊಳ್ಳುವ ನಾವು. ಒಂದು ಕ್ರಿಯಾಪದ ಬದಲಾಯಿಸಿ ಹೊರೆಯನ್ನು ಹೊತ್ತವನದೇ ತಪ್ಪು ಎನ್ನುವಂತೆ ಮಾಡುತ್ತೇವೆ.

'ಚಿಂತೆ ಮಾಡಬೇಡ' ಎನ್ನುವುದು ಹಿಂದಿನಿಂದಲೂ ಇದೆ, ಒಪ್ಪುತ್ತೇನೆ. ಆದರೆ ಚಿಂತೆ ಮನಸ್ಸಿನೊಳಗಿನ ಮಾತು. ಟೆನ್ಷನ್ ಎಂಬ ಒಂದೇ ಚೀಲಕ್ಕೆ ನಾವೀಗ ಸಾಲ, ಬತ್ತಿದ ಬೋರ್‌ವೆಲ್, ಮಗಳ ಫೀಸು, ಅತ್ತೆಯ ಕಾಯಿಲೆ ಎಲ್ಲವನ್ನೂ ತುರುಕಿದ್ದೇವೆ. ಅವೆಲ್ಲ ಮನಸ್ಸಿನ ಹೊರಗೆ ಇರುವಂಥವು.

ಇಂಗ್ಲಿಷಿನ ಪದಗಳನ್ನು ನಿಧಾನವಾಗಿ ನೋಡಿದರೆ ಅವೂ ಅಣ್ಣನ ಪರವಾಗಿಯೇ ಮಾತನಾಡುತ್ತವೆ. ಸ್ಟ್ರೆಸ್ ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ಕೆಜಿಎಫ್ ಹೇಳಿಕೊಡಬಲ್ಲದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅದಿರು ತೆಗೆದಷ್ಟೂ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತಿತ್ತು. ಬಂಡೆ ತಾಳಲಾರದ ಗಳಿಗೆಯಲ್ಲಿ ಒಮ್ಮೆಲೇ ಸಿಡಿಯುತ್ತಿತ್ತು. ಅದಕ್ಕೆ ರಾಕ್‌ಬರ್ಸ್ಟ್ ಎಂದು ಹೆಸರು. ಆಳದಲ್ಲಿ ಜೀವಗಳು ಹೋಗುತ್ತಿದ್ದವು, ಮೇಲಿನ ಮನೆಗಳು ಅದುರುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿತು. ಬಂಡೆಯ ಮೇಲಿನ ಆ ಒತ್ತಡವೇ ಎಂಜಿನಿಯರುಗಳ ಭಾಷೆಯಲ್ಲಿ ಸ್ಟ್ರೆಸ್. ಅದೇ ಪದವನ್ನು ಜೀವಿಗಳ ದೇಹಕ್ಕೆ ಅನ್ವಯಿಸಿ ಜಗತ್ತಿನಲ್ಲೆಲ್ಲ ಬಳಕೆಗೆ ತಂದವರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಮುಖ್ಯರು. ಗಣಿಯಲ್ಲಿ ಬಂಡೆಗೆ ಯಾರೂ ಬುದ್ಧಿ ಹೇಳಲಿಲ್ಲ. ಟೊಳ್ಳಾದ ಜಾಗದಲ್ಲಿ ಕಲ್ಲು ಕಟ್ಟಿ ಆಧಾರ ಕೊಟ್ಟರು.

ತಾಳಲಾರದಂತಾಗುವುದನ್ನು ಹೇಳುವ ಓವರ್‌ವೆಲ್ಮ್ ಪದದ ಬೇರು ಇನ್ನೂ ಹತ್ತಿರದ್ದು. ಅದರೊಳಗಿನ 'ವೆಲ್ಮ್' ಎಂಬ ಹಳೆಯ ಇಂಗ್ಲಿಷ್ ಪದಕ್ಕೆ ಮಗುಚು, ತಲೆಕೆಳಗು ಮಾಡು ಎಂದು ಅರ್ಥ. ನಮ್ಮ 'ಬುಡಮೇಲಾಯಿತು' ಅದೇ ಅಲ್ಲವೇ? ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದೇ ನೋವಿಗೆ ಒಂದೇ ಚಿತ್ರ ಬರೆದಿರುವುದು ತಿಳಿದ ದಿನ ತರಗತಿಯಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಹೇಳಿದ್ದೆ. ಸನ್ಮಾನ ಸಮಾರಂಭಗಳಲ್ಲಿ "ನಿಮ್ಮ ಪ್ರೀತಿಗೆ ಓವರ್‌ವೆಲ್ಮ್ ಆದೆ" ಎನ್ನುವುದೂ ತಪ್ಪಲ್ಲ. ಸಂತೋಷಕ್ಕೂ ದುಃಖಕ್ಕೂ ನಮ್ಮ ಕಣ್ಣು ತುಂಬಿ ಬರುತ್ತದಲ್ಲ, ಹಾಗೆಯೇ ಇದು. ಕೆಲಸದ ಅಡಿ ಹೂತುಹೋಗಿದ್ದೇನೆ ಎನ್ನಲು ಇಂಗ್ಲಿಷಿನವರು ಹಿಮದ ಹೋಲಿಕೆಯನ್ನೂ ಕೊಡುತ್ತಾರೆ. ಕೋಲಾರದ ಮಕ್ಕಳಿಗೆ ಅದನ್ನು ಅರ್ಥ ಮಾಡಿಸುವುದು ಕಷ್ಟ.

ಬರ್ನೌಟ್ ಪದದ ಬಗ್ಗೆ ನನಗೆ ಸಂಕಟವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ, ಮನೆ ಸೇರುವಾಗ ರಾತ್ರಿ. "ಬರ್ನೌಟ್ ಆಗಿದೆ ಮಿಸ್, ಅಮ್ಮ ಸೋಮಾರಿತನ ಎನ್ನುತ್ತಾರೆ" ಎಂದು ಅತ್ತಳು. ಈ ಪದವನ್ನು 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬಳಸಿದ್ದು ಮೈಮುರಿದು ದುಡಿದು ಬರಿದಾದವರ ಬಗ್ಗೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕಾಯಿಲೆಯಲ್ಲ, ಕೆಲಸದ ಜಾಗದ ದೀರ್ಘಕಾಲದ ಒತ್ತಡದಿಂದ ಬರುವಂಥದ್ದು ಎಂದು ಸ್ಪಷ್ಟಪಡಿಸಿತು. ಒಂದು ದಿನ ಪರೀಕ್ಷೆಗೆ ಓದಿ ದಣಿದವರೂ ಈಗ ಇದೇ ಪದ ಬಳಸುತ್ತಾರೆ. ಹಾಗಾಗಿ ನಿಜವಾಗಿ ಬರಿದಾದವರು ಹೇಳಿದಾಗ ಯಾರೂ ನಂಬುವುದಿಲ್ಲ. ನಾನು ಅವಳಿಗೆ, "ಅಮ್ಮನಿಗೆ 'ಬತ್ತಿಹೋಗಿದ್ದೇನೆ' ಎಂದು ಹೇಳು" ಎಂದೆ. ಸಾವಿರ ಅಡಿ ಕೊರೆಸಿದರೂ ಬರೀ ದೂಳು ಬರುವುದನ್ನು ಕಣ್ಣಾರೆ ಕಂಡ ಹೆಂಗಸು ಆಕೆ. ಬತ್ತಿದ ಬೋರ್‌ವೆಲ್ ಅನ್ನು ನಮ್ಮೂರಲ್ಲಿ ಯಾರೂ ಸೋಮಾರಿ ಎನ್ನುವುದಿಲ್ಲ.

ಪದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 'ಎದೆ ಭಾರ', 'ನಿದ್ದೆ ಇಲ್ಲ' ಎಂದರೆ ಸಾಕು, ಡಿಪ್ರೆಷನ್ನೋ ಆಂಕ್ಸೈಟಿಯೋ ಎಂದು ನಾವೇ ಹೆಸರಿಡಬೇಕಾಗಿಲ್ಲ.

ಅಂದು ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೇನು ಬಿದ್ದಿದೆ ಹೇಳಣ್ಣ" ಎಂದು ಕೇಳಿದೆ. ಒಂದೊಂದಾಗಿ ಹೇಳಿದ. ಮೂರನೆಯ ಬೋರ್‌ವೆಲ್ ಕೈಕೊಟ್ಟಿದೆ. ಚಿನ್ನದ ಸಾಲದ ಬಡ್ಡಿ ಕಟ್ಟಿಲ್ಲ, ನೋಟಿಸು ಬಂದಿದೆ, ಅತ್ತಿಗೆಗೆ ಅದು ಗೊತ್ತಿಲ್ಲ. ಚೀಟಿಯ ಹಿಂಬದಿಯಲ್ಲಿ ನಾನು ಎಲ್ಲವನ್ನೂ ಬರೆದುಕೊಂಡೆ. ಬಂದ ಸೋಮವಾರ ನಾನು ರಜೆ ಹಾಕಿ, ಅಣ್ಣ ಅತ್ತಿಗೆಯರನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ.