ಸ್ಪಷ್ಟನೆ: ಒಂದು ಭಾಷೆ ಕೇಳುವಾಗ ಇನ್ನೊಂದು ‘ಆಫ್’ ಆಗುವುದಿಲ್ಲ
ಎರಡು ಭಾಷೆ ಬಲ್ಲವರು ಒಂದನ್ನು ಕೇಳುವಾಗ ಮತ್ತೊಂದು ಮಿದುಳಿನಲ್ಲಿ ಪೂರ್ತಿ ಸ್ಥಗಿತವಾಗಿರುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಮೈಕೆಲ್ ಸ್ಪೈವಿ ಮತ್ತು ವಿಯೊರಿಕಾ ಮರಿಯನ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ, ಮುಂದಿದ್ದ ವಸ್ತುಗಳಲ್ಲಿ ಅಂಚೆಚೀಟಿಯನ್ನು ಎತ್ತಿಡುವಂತೆ ರಷ್ಯನ್ನಿನಲ್ಲಿ ಸೂಚಿಸಲಾಯಿತು. ಅಂಚೆಚೀಟಿಗೆ ಅಲ್ಲಿ ಬಳಸಿದ ಪದ ‘ಮಾರ್ಕು’. ಸೂಚನೆಯಲ್ಲಿ ಇಂಗ್ಲಿಷಿನ ಸುಳಿವೇ ಇಲ್ಲದಿದ್ದರೂ, ಆ ಪದ ಕಿವಿಗೆ ಬೀಳುತ್ತಿದ್ದಂತೆ ಅವರ ಕಣ್ಣು, ಸಂಬಂಧವಿಲ್ಲದ ವಸ್ತುಗಳಿಗಿಂತ ಹೆಚ್ಚು ಬಾರಿ, ಅಲ್ಲಿದ್ದ ಮಾರ್ಕರ್ ಪೆನ್ನಿನತ್ತ ಹೊರಳಿತು. ಅಂದರೆ ಧ್ವನಿ ಹೋಲುವ ಪದಗಳು, ಭಾಷೆ ಯಾವುದೇ ಆಗಿರಲಿ, ಒಟ್ಟಿಗೇ ಎಚ್ಚರಗೊಳ್ಳುತ್ತವೆ; ಬೇಡವಾದದ್ದು ಆಮೇಲೆ ಹಿಂದೆ ಸರಿಯುತ್ತದೆ. ಇದನ್ನು ಗೊಂದಲವೆಂದು ಹೆದರಿ ಮಕ್ಕಳೊಂದಿಗೆ ಮನೆಮಾತನ್ನು ನಿಲ್ಲಿಸಲು ಯಾವ ಕಾರಣವೂ ಇಲ್ಲ.