ಲಾಸ್ಟ್ ನೇಮ್ ಎಲ್ಲಿಂದ ತರೋಣ?

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ಅಪ್ಪ, ಆಮೇಲೆ ತಾನು. ಕುವೆಂಪು ಅವರು ಇವತ್ತು ಆನ್‌ಲೈನಲ್ಲಿ ಒಂದು ಜೊತೆ ಚಪ್ಪಲಿ ಆರ್ಡರ್ ಮಾಡಿದ್ದರೆ "ಹಾಯ್ ಕುಪ್ಪಳಿ, ನಿಮ್ಮ ಪಾರ್ಸೆಲ್ ಹೊರಟಿದೆ" ಅಂತ ಮೆಸೇಜ್ ಬರುತ್ತಿತ್ತು. ಫಾರ್ಮ್‌ನ ಲೆಕ್ಕದಲ್ಲಿ ಮೊದಲು ಬಂದದ್ದೇ ನಿಮ್ಮ ಹೆಸರು, ಕೊನೆಯಲ್ಲಿ ಬಂದದ್ದು ನಿಮ್ಮ ವಂಶದ್ದು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಪೂರ್ತಿ ಉಲ್ಟಾ.

ನನ್ನ ಹೆಸರಿಗೂ ಮೊದಲು ಎರಡು ಇನಿಷಿಯಲ್ ಇವೆ. ಲಾಸ್ಟ್ ನೇಮ್ ಬಾಕ್ಸ್ ಖಾಲಿ ಬಿಟ್ಟರೆ ಕೆಂಪು ಅಕ್ಷರ. ಸರಿ ಅಂತ 'ಎಸ್' ಹಾಕಿದರೆ ಕನಿಷ್ಠ ಎರಡು ಅಕ್ಷರ ಬೇಕಂತೆ. 'ಎಸ್.' ಅಂತ ಚುಕ್ಕಿ ಸೇರಿಸಿದರೆ ಚುಕ್ಕಿ ನಡೆಯಲ್ಲವಂತೆ. ಕೊನೆಗೆ 'ಎಸ್ಎಸ್' ಅಂತ ಹೊಡೆದರೆ ತಕ್ಷಣ ಹಸಿರು ಟಿಕ್! ನಿಜ ಹೇಳಿದಾಗೆಲ್ಲ ಬೈದು, ಸುಳ್ಳು ಹೇಳಿದ ಮೇಲೆ ಬೆನ್ನು ತಟ್ಟುತ್ತದೆ.

ಇಲ್ಲಿಗೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಆಧಾರ್‌ನಲ್ಲಿ ಇನಿಷಿಯಲ್ಲೇ ಕೂತಿರುತ್ತದೆ, ಬ್ಯಾಂಕಿನವರು ಯಾವ ಕಾಲದಲ್ಲೋ ತಮಗೆ ತೋಚಿದ ಹಾಗೆ ಟೈಪ್ ಮಾಡಿರುತ್ತಾರೆ, ಇವೆಲ್ಲವನ್ನೂ ಒಂದು ದಿನ ಯಾವುದೋ ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿ ಇವರು ಬೇರೆ ಬೇರೆ ಮನುಷ್ಯರು ಅಂತ ತೀರ್ಪು ಕೊಡುತ್ತದೆ. ಪ್ಯಾನ್-ಆಧಾರ್ ಜೋಡಿಸಲು 2023ರ ಜೂನ್ 30 ಕೊನೆ ದಿನ ಅಂದಾಗ ಸೈಬರ್ ಸೆಂಟರ್‌ಗಳ ಮುಂದೆ ನಿಂತಿದ್ದವರ ಮುಖ ನೆನಪಿದೆಯಲ್ವಾ? ತಡವಾಗಿದ್ದಕ್ಕೆ 1000 ರೂಪಾಯಿ ಶುಲ್ಕವನ್ನೂ ಕಟ್ಟಿ, ಹೆಸರು ಹೊಂದಲಿಲ್ಲ ಅನ್ನಿಸಿಕೊಂಡು ವಾಪಸ್ ಬಂದವರಿದ್ದರು. ಅಪ್ಪನ ಹೆಸರನ್ನು ಚಿಕ್ಕದಾಗಿ ಬರೆದದ್ದೇ ತಪ್ಪು.

ವಿಮಾನದ ಟಿಕೆಟ್ ಇನ್ನೊಂದು ಕಥೆ. ಒಂದೇ ಹೆಸರಿದ್ದರೆ ಎರಡೂ ಬಾಕ್ಸ್‌ನಲ್ಲಿ ಅದನ್ನೇ ತುಂಬಿ ಅನ್ನುವ ಕಂಪನಿಗಳಿವೆ. ಹಾಗಾಗಿ ಮಂಜುನಾಥ ಮಂಜುನಾಥರು, ಲಕ್ಷ್ಮಮ್ಮ ಲಕ್ಷ್ಮಮ್ಮನವರು ಆಕಾಶದಲ್ಲಿ ಓಡಾಡುತ್ತಿರುತ್ತಾರೆ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರ ಆ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಹೆಸರು ಗೊತ್ತಿಲ್ಲ ಅಂತ ಅದರರ್ಥ. ನಾಮಕರಣದ ದಿನ ಕಿವಿಯಲ್ಲಿ ಮೂರು ಸಲ ಹೇಳಿಸಿಕೊಂಡ ಹೆಸರು ಪಾಪ!

ಸಾಫ್ಟ್‌ವೇರ್ ಬರೆಯುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಜಗತ್ತಿನ ಹೆಸರುಗಳ ಬಗ್ಗೆ ಒಂದು ಟಿಪ್ಪಣಿಯನ್ನೇ ಇಟ್ಟಿದೆ, ಊರು-ಅಪ್ಪ-ತಾನು ಅನ್ನುವ ಕ್ರಮವೂ ಅದರಲ್ಲಿದೆ. ಇಂಥ ಫಾರ್ಮ್‌ಗಳಲ್ಲಿ ಎಷ್ಟೋ ಬೆಂಗಳೂರಲ್ಲೇ ತಯಾರಾಗುತ್ತವೆ, ಅದನ್ನು ಮಾಡುವವರ ಕೊರಳ ಐಡಿ ಕಾರ್ಡಲ್ಲೂ ಇನಿಷಿಯಲ್ ನೇತಾಡುತ್ತಿರುತ್ತದೆ ಅನ್ನೋದೇ ನನಗೆ ಜಾಸ್ತಿ ಉರಿಯುವ ವಿಷಯ.

ಈಗ ಅಪ್ಪ-ಅಮ್ಮಂದಿರು ಹುಷಾರಾಗಿದ್ದಾರೆ. ಮಗುವಿನ ಜನನ ಪತ್ರದಲ್ಲೇ ಅಪ್ಪನ ಹೆಸರನ್ನು ಕೊನೆಗೆ ತಗುಲಿಸಿ ಲಾಸ್ಟ್ ನೇಮ್ ರೆಡಿ ಮಾಡುತ್ತಾರೆ. ಸುಮ್ನೆ 'ಪೂರ್ತಿ ಹೆಸರು' ಅಂತ ಒಂದು ಉದ್ದನೆಯ ಬಾಕ್ಸ್ ಇಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ರೈಲ್ವೆ ಕೌಂಟರಿನ ರಿಸರ್ವೇಷನ್ ಚೀಟಿಯಲ್ಲಿ ಇರುವುದು ಹೆಸರಿಗೆ ಒಂದೇ ಕಾಲಂ. ಅದನ್ನು ತುಂಬಿಯೇ ನಮ್ಮ ತಾತಂದಿರು ಕಾಶಿಗೆ ಹೋಗಿ ಬಂದರು.